ಕರೆಂಟ್ ಹೋದರೆ ಎಷ್ಟು ಬಕೆಟ್?

ಮೀನು ತೊಟ್ಟಿಯ ಗಾಜು ಬಿರಿಯಬಹುದಿತ್ತು. ಗಾಜು ಬಿರಿಯದಿದ್ದರೂ ಅದನ್ನು ಹಿಡಿದಿದ್ದ ಸಿಲಿಕೋನ್ ಅಂಟು ಯಾವುದೋ ಮೂಲೆಯಲ್ಲಿ ಬಾಯಿ ಬಿಡಬಹುದಿತ್ತು. ನೀರಿಳಿಯುವ ಪೈಪಿನಲ್ಲಿ ಪಾಚಿ ಕಟ್ಟಿಕೊಂಡು ಮೇಲಿನ ತೊಟ್ಟಿ ಉಕ್ಕಬಹುದಿತ್ತು. ನೀರೇರಿಸುವ ಪಂಪು ನಿಂತಾಗ ಏರಿದ್ದ ನೀರೆಲ್ಲ ಹಿಂದಕ್ಕೆ ಸುರಿದು ಕೆಳಗಿನ ತೊಟ್ಟಿ ಉಕ್ಕಬಹುದಿತ್ತು. ಉಪ್ಪುನೀರು ಪ್ಲಗ್ಗಿಗೆ ಸಿಡಿದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೇ ಶಾಕ್ ಹೊಡೆಯಬಹುದಿತ್ತು. ಪಂಪು ಮತ್ತೆ ಶುರುವಾಗದೇ ಇರಬಹುದಿತ್ತು. ಹತ್ತನೇ ಮಹಡಿಯ ನೆಲವೇ ಭಾರ ತಡೆಯಲಾರದೆ ನೀರು, ಮೀನು, ಸೆಕ್ರೆಟರಿ, ನಾನು ಎಲ್ಲರೂ ಸೇರಿ ಒಂಬತ್ತನೇ ಮಹಡಿಯವರ ಊಟದ ಟೇಬಲ್ಲಿಗೆ ಇಳಿಯಬಹುದಿತ್ತು. ಹಾಗಾಗುವುದಿಲ್ಲ ಎಂದು ಕಟ್ಟಡದ ಇಂಜಿನಿಯರ್ ಬರೆದುಕೊಟ್ಟಿದ್ದರು. ಅವರು ಬರೆದುಕೊಟ್ಟ ಮೇಲೆಯೇ ನನಗೆ ಹೆದರಿಕೆ ಜಾಸ್ತಿಯಾದದ್ದು.

ಈ ಪಟ್ಟಿಯನ್ನು ನಾನು ಒಂದು ಪರೀಕ್ಷೆಯ ಹಿಂದಿನ ದಿನ ಒಂದು ಲಗ್ನಪತ್ರಿಕೆಯ ಬೆನ್ನಿಗೆ ಬರೆದಿದ್ದೆ. ಒಟ್ಟು ಇಪ್ಪತ್ತು ಅಪಾಯಗಳು. ನನ್ನ ಹೆಂಡತಿ ವಿಜಯಾ ಹೆಗಲ ಮೇಲಿಂದ ಬಗ್ಗಿ ಓದಿ, "ಭೂಕಂಪ ಒಂದು ಬಿಟ್ಟೀರಿ ನೋಡ್ರಿ" ಅಂದಳು. ಚೇಷ್ಟೆಗೆ ಅಂದದ್ದು. ನಾನು ಅದನ್ನೂ ಬರೆದುಕೊಂಡೆ.

ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಇದು: ಪುಣೆಯ ಮನೆಗಳಲ್ಲಿ ಉಪ್ಪುನೀರಿನ ಮೀನು ತೊಟ್ಟಿಗಳನ್ನು ಕೂರಿಸುವುದು. ಅದರಲ್ಲೂ ಮುಖ್ಯವಾಗಿ, ಅವುಗಳ ಕೆಳಗೆ ಕಪಾಟಿನೊಳಗೆ ಯಾರಿಗೂ ಕಾಣದಂತೆ ಇರುವ ಎರಡನೇ ತೊಟ್ಟಿಯನ್ನು, ಅಂದರೆ ಸಂಪನ್ನು, ಅಳೆದು ಕಟ್ಟುವುದು. ಧಾರವಾಡದ ನಮ್ಮ ಬಂಧುಗಳಿಗೆ ನಾನು ಸಂಪ್ ಕಟ್ಟುತ್ತೇನೆ ಎಂದರೆ ಅಂಗಳ ಅಗೆದು ನಳದ ನೀರು ತುಂಬುವ ಸಂಪು ಎಂದೇ ತಿಳಿವಳಿಕೆ. ಒಬ್ಬ ಸೋದರಮಾವ ಹದಿನೈದು ವರ್ಷ ಕೇಳುತ್ತಲೇ ಇದ್ದರು: "ಏನಪಾ ರಾಘು, ಸಿಮೆಂಟ್ ರೇಟ್ ಹೆಂಗೈತಿ?" ನಾನೂ ಪ್ರತಿ ಸಲ ಏನೋ ಒಂದು ರೇಟು ಹೇಳುತ್ತಿದ್ದೆ. ಈಗ ಐವತ್ತಮೂರಕ್ಕೆ ಬೆನ್ನಿನ ಡಿಸ್ಕ್ ಜಾರಿ, ಗಾಜು ಎತ್ತಕೂಡದು ಎಂದು ವೈದ್ಯರು ಹೇಳಿದ ಮೇಲೆ ನಿವೃತ್ತ. ಈ ಕೆಲಸಕ್ಕೆ ಹೊಸದಾಗಿ ಬರುವವರು ಫೋನ್ ಮಾಡಿ, "ಸರ್, ಸಂಪ್ ಸೈಜಿಗೆ ಫಾರ್ಮುಲಾ ಏನು?" ಎಂದು ಕೇಳುತ್ತಾರೆ. ಫಾರ್ಮುಲಾ ಇದೆ: ಮೇಲಿನ ತೊಟ್ಟಿಯಲ್ಲಿ ಹಿಡಿಯುವ ನೀರಿನ ಮೂರನೇ ಒಂದು ಪಾಲು. ಹೇಳಿ ಮುಗಿಸಲು ಒಂದು ಉಸಿರು ಸಾಕು. ಅದು ಏಕೆ ಸಾಲದು ಎಂದು ತಿಳಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ನನಗೆ ಕೆಲಸ ಕಲಿಸಿದವರು ನಾವೆಲ್ಲ ದಾದಾ ಎಂದು ಕರೆಯುತ್ತಿದ್ದ ಗಾಜಿನಂಗಡಿಯ ಮಾಲೀಕರು. ಕಿಟಕಿ ಗಾಜು, ಕನ್ನಡಿ, ದೇವರ ಫೋಟೋ ಚೌಕಟ್ಟು, ಇವುಗಳ ನಡುವೆ ಅವರಿಗೆ ಸಮುದ್ರದ ಹುಚ್ಚು. ಆಗ ಉಪ್ಪುನೀರನ್ನು ಪುಡಿಯಿಂದ ಕಲಸುವ ಪದ್ಧತಿ ನಮ್ಮಲ್ಲಿ ಬಂದಿರಲಿಲ್ಲ. ದಾದಾ ಟೆಂಪೊ ಮಾಡಿಕೊಂಡು ಘಾಟ್ ಇಳಿದು ಕೊಂಕಣದ ದಂಡೆಯಿಂದ ಕ್ಯಾನುಗಳಲ್ಲಿ ಸಮುದ್ರವನ್ನೇ ತರುತ್ತಿದ್ದರು. ಅವರಿಗೆ ಲೀಟರು, ಗ್ಯಾಲನ್ನು ಯಾವುದೂ ಬೇಡ. ಸಂಪಿನ ಚಿತ್ರ ಬರೆದುಕೊಂಡು ಯಾರೇ ಹೋದರೂ ಚಿತ್ರ ನೋಡದೆ ಒಂದೇ ಪ್ರಶ್ನೆ: "ಲೈಟ್ ಗೇಲೀ ತರ ಕಿತೀ ಬಾದಲ್ಯಾ?" ಕರೆಂಟ್ ಹೋದರೆ ಎಷ್ಟು ಬಕೆಟ್? ಉತ್ತರ ಗೊತ್ತಿಲ್ಲದವನು ಚಿತ್ರ ಮಡಚಿಕೊಂಡು ಹೊರಗೆ ಬರಬೇಕು.

ಪ್ರಶ್ನೆಯ ಅರ್ಥ ಹೇಳುತ್ತೇನೆ. ಪಂಪು ಓಡುತ್ತಿರುವಾಗ ಕೆಳಗಿನ ನೀರು ಮೇಲಕ್ಕೆ ಏರುತ್ತದೆ, ಮೇಲಿನದು ಒಂದು ಅಂಚು ದಾಟಿ ಪೈಪಿನಲ್ಲಿ ಕೆಳಗಿಳಿಯುತ್ತದೆ. ಹೀಗೆ ಹಗಲೂ ರಾತ್ರಿ. ಕರೆಂಟ್ ಹೋದ ಕ್ಷಣ ಏರುವುದು ನಿಲ್ಲುತ್ತದೆ, ಇಳಿಯುವುದು ನಿಲ್ಲುವುದಿಲ್ಲ. ಅಂಚಿನ ಮೇಲಿದ್ದ ನೀರು, ಪೈಪುಗಳಲ್ಲಿದ್ದ ನೀರು, ಪಂಪಿನ ನಳಿಕೆಯ ಬಾಯಿ ಎಷ್ಟು ಆಳಕ್ಕೆ ಮುಳುಗಿದೆಯೋ ಅಲ್ಲಿಯವರೆಗಿನ ನೀರು, ಎಲ್ಲವೂ ಕೆಳಗೆ ಬರುತ್ತದೆ. ಅಷ್ಟು ನೀರಿಗೆ ಕೆಳಗೆ ಖಾಲಿ ಜಾಗ ಇರಬೇಕು. ಸಂಪಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೀರಿ ಎನ್ನುವುದೇ ದೊಡ್ಡ ಮಾತು. ದಾದಾ ಇದನ್ನು ನಿಜವಾಗಿಯೂ ಬಕೆಟ್ಟಿನಿಂದ ಸುರಿಸಿ ತೋರಿಸುತ್ತಿದ್ದರು. ಹೊಸ ಸಂಪಿನಲ್ಲಿ ಕೆಲಸದ ಮಟ್ಟಕ್ಕೆ ನೀರು ತುಂಬಿ, ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಮೇಲಿಂದ ಬರುವಷ್ಟು ಬಕೆಟ್ ಎಣಿಸಿ ಸುರಿದು ಇನ್ನೊಂದು ಗೆರೆ. ಎರಡನೇ ಗೆರೆಯಿಂದ ತುದಿಯವರೆಗೆ ನಾಲ್ಕು ಬೆರಳು ಉಳಿದರೆ ಸರಿ. ಇಲ್ಲದಿದ್ದರೆ ಸಂಪು ವಾಪಸ್.

ನನ್ನ ಮೊದಲ ಸ್ವತಂತ್ರ ಕೆಲಸದಲ್ಲಿ ನಾನು ಈ ಪರೀಕ್ಷೆಯವರೆಗೆ ತಲುಪಲೇ ಇಲ್ಲ. ಗಿರಾಕಿಯ ಕಪಾಟಿನ ಒಳಗಿನ ಅಳತೆಯನ್ನು ನೂಲು ಹಿಡಿದು ತೆಗೆದುಕೊಂಡು, ಒಂದಿಂಚೂ ವ್ಯರ್ಥವಾಗದಂತೆ ಭರ್ಜರಿ ಸಂಪು ಕಟ್ಟಿಸಿ, ಇಬ್ಬರು ಹಮಾಲರಿಂದ ಹೊರಿಸಿಕೊಂಡು ಹೋದೆ. ಕಪಾಟಿನ ಒಳಗೆ ಅದು ಕರಾರುವಾಕ್ಕಾಗಿ ಕೂರುತ್ತಿತ್ತು, ಒಳಗೆ ಹೋಗಿದ್ದರೆ. ಕಪಾಟಿನ ಬಾಗಿಲು ಅದಕ್ಕಿಂತ ಒಂದು ಗೇಣು ಸಣ್ಣದಿತ್ತು. ಬಡಗಿಯನ್ನು ಕರೆಸಿ ಪಕ್ಕದ ಹಲಗೆ ಬಿಚ್ಚಿಸಿದ್ದಾಯಿತು. ಅವನು ಕೆಲಸ ಮುಗಿಸಿ, "ಮನೆಗೆ ಅಲ್ಮಾರಿ ತರುವ ಮುಂಚೆ ಕರೀರಿ, ಗೋಡೆ ಒಡೀತೀನಿ" ಎಂದು ಮರಾಠಿಯಲ್ಲಿ ಹೇಳಿ ಹೋದ. ಆದ್ದರಿಂದ ಎಳೆಯರಿಗೆ ಮೊದಲನೆಯ ಮಾತು: ಬಾಗಿಲು ಅಳೆಯಿರಿ. ಎರಡನೆಯದು: ಸಂಪು ಒಳಗೆ ಹೋದ ಮೇಲೆ ನಿಮ್ಮ ಕೈಯೂ ಒಳಗೆ ಹೋಗಬೇಕು. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರನ್ನು ವಾರಕ್ಕೊಮ್ಮೆ ಮೇಲೆತ್ತಿ ತೊಳೆಯಬೇಕು. ಎತ್ತಲು ಮೇಲೆ ಜಾಗವಿಲ್ಲದಿದ್ದರೆ ಯಾರೂ ತೊಳೆಯುವುದಿಲ್ಲ, ತೊಳೆಯದಿದ್ದರೆ ಮೀನು ಉಳಿಯುವುದಿಲ್ಲ. ದೊಡ್ಡದು ಒಳ್ಳೆಯದು ನಿಜ. ಕೈಗೆ ಸಿಗದಷ್ಟು ದೊಡ್ಡದು ಒಳ್ಳೆಯದಲ್ಲ.

ನೀರಿನ ಪಾಠ ಕಲಿತದ್ದು ಪುಣೆಯ ಕ್ಯಾಂಪ್ ಬಡಾವಣೆಯ ಒಬ್ಬ ನಿವೃತ್ತ ಕರ್ನಲ್ ಸಾಹೇಬರ ಮನೆಯಲ್ಲಿ. ನಾಲ್ಕಡಿ ತೊಟ್ಟಿ. ಸಾಹೇಬರು ಕೆಳಗಿನ ಕಪಾಟಿನಲ್ಲಿ ಅರ್ಧ ಜಾಗ ತಮ್ಮ ಬೂಟುಗಳಿಗೆ ಬೇಕೆಂದರು. ಕರ್ನಲ್ ಬೂಟಿಗೆ ಇಲ್ಲ ಎನ್ನುವ ಎದೆಗಾರಿಕೆ ನನಗೆ ಇರಲಿಲ್ಲ. ಎರಡಡಿಯ ಪುಟ್ಟ ಸಂಪು ಕಟ್ಟಿದೆ. ಮೇಲೆ ನೀರು ಚೆನ್ನಾಗಿ ತಿರುಗಲಿ ಎಂದು ನಳಿಕೆಯ ಬಾಯಿಯನ್ನು ಐದಿಂಚು ಆಳಕ್ಕೆ ಇಳಿಸಿದೆ. ಆ ತೊಟ್ಟಿಯಲ್ಲಿ ಒಂದಿಂಚು ನೀರೆಂದರೆ ಸುಮಾರು ಒಂದು ಬಕೆಟ್. ದಾದಾರ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು: ಐದು. ಕೆಳಗೆ ಜಾಗವಿದ್ದದ್ದು ಎರಡಕ್ಕೆ. ಆದರೆ ಪೈಪಿಗೆ ಹಿಂದಕ್ಕೆ ಹರಿಯದಂತೆ ತಡೆಯುವ ಹೊಸ ನಮೂನೆಯ ವಾಲ್ವ್ ಹಾಕಿದ್ದೆನಲ್ಲ, ಬಕೆಟ್ ಎಣಿಸುವುದು ಮುದುಕರ ಕಾಲದ್ದು ಎಂದುಕೊಂಡಿದ್ದೆ.

ಗುರುವಾರ ಬಂತು. ಗುರುವಾರ ಕರೆಂಟ್ ತೆಗೆಯುವುದು ಪುಣೆಯ ಹಳೆಯ ರೂಢಿ, ಏಕಾದಶಿಯ ಹಾಗೆ. ಬೆಳಿಗ್ಗೆ ಹತ್ತಕ್ಕೆ ಹೋಯಿತು. ವಾಲ್ವಿನ ನಾಲಿಗೆಗೆ ಒಂದು ಮರಳಿನ ಕಣ ಸಿಕ್ಕಿಕೊಂಡು ಅದು ಬಾಯಿ ಮುಚ್ಚಲಿಲ್ಲ. ಫೋನ್ ಬಂದು ನಾನು ಓಡಿಹೋದಾಗ ಮೂರು ಬಕೆಟ್ ಉಪ್ಪುನೀರು ಸಾಹೇಬರ ಕಾಶ್ಮೀರಿ ಜಮಖಾನೆಯಲ್ಲಿ ಇಂಗಿತ್ತು. ಸಾಹೇಬರು ಒಗೆದ ಬಿಳಿ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದರು. ಕೈಯಲ್ಲಿ ಎರಡು ನೆಲ ಒರೆಸುವ ಬಟ್ಟೆ. ಒಂದು ನನಗೆ ಕೊಟ್ಟರು, ಇನ್ನೊಂದನ್ನು ತಾವೇ ಹಿಡಿದು ಮಂಡಿಯೂರಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ನಿರಾಳವಾಗುತ್ತಿತ್ತು. ಒಂದು ಗಂಟೆ ಇಬ್ಬರೂ ಒರೆಸಿದೆವು. ಕೊನೆಗೆ ನನ್ನ ಮುಂದೆ ಆಮ್ಲೆಟ್ ತಟ್ಟೆ ಇಟ್ಟು, "ಬೇಟಾ, ಹಿಮ್ಮೆಟ್ಟುವುದಕ್ಕೂ ಜಾಗ ಇಟ್ಟುಕೊಂಡೇ ಯುದ್ಧಕ್ಕೆ ಹೋಗಬೇಕು" ಎಂದು ಹಿಂದಿಯಲ್ಲಿ ಅಂದರು. ಆಮೇಲೆ ಬೂಟುಗಳನ್ನು ತಾವಾಗಿಯೇ ಬೇರೆ ಕಡೆ ಸಾಗಿಸಿದರು. ಅಂದಿನಿಂದ ನಾನು ವಾಲ್ವನ್ನು ನಂಬಿ ಸಂಪು ಕಟ್ಟಿಲ್ಲ.

ವಾಲ್ವಿನ ಬದಲು ನಳಿಕೆಗೆ, ನೀರಿನ ಮಟ್ಟದ ಒಂದು ಕೂದಲು ಕೆಳಗೆ, ಸಣ್ಣ ತೂತು ಕೊರೆಯುತ್ತೇವೆ. ನೀರು ಆ ತೂತಿನವರೆಗೆ ಇಳಿದೊಡನೆ ಪೈಪು ಗಾಳಿ ಕುಡಿಯುತ್ತದೆ, ಹಿಂದಕ್ಕೆ ಸುರಿಯುವುದು ನಿಲ್ಲುತ್ತದೆ. ಇದಕ್ಕಿಂತ ಸರಳವಾದದ್ದು ಇಲ್ಲ ಎಂದು ನಾನು ಹತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಒಬ್ಬ ದಂತವೈದ್ಯರ ಮನೆಯಲ್ಲಿ ಶೇಂಗಾ ಕಾಳಿನಷ್ಟು ಒಂದು ಬಸವನಹುಳು ಸರಿಯಾಗಿ ಅದೇ ತೂತಿನ ಮೇಲೆ ಹೋಗಿ ಮಲಗಿತು. ಇಡೀ ತೊಟ್ಟಿಯ ಗಾಜಿನಲ್ಲಿ ಅದಕ್ಕೆ ಮಲಗಲು ಸಿಕ್ಕ ಜಾಗ ಅದು. ಕರೆಂಟ್ ಹೋದಾಗ ಮತ್ತೆ ನೆಲದ ತುಂಬ ನೀರು. ಅಂದಿನಿಂದ ನಾನು ಎರಡು ತೂತು ಕೊರೆಯುತ್ತೇನೆ, ಎರಡೂ ಮುಚ್ಚಿದರೂ ತಡೆಯುವಷ್ಟು ಜಾಗ ಸಂಪಿನಲ್ಲಿ ಬಿಡಲು ನೋಡುತ್ತೇನೆ. ನಮ್ಮ ಲೆಕ್ಕದಲ್ಲಿ ಎಲ್ಲಿ ಸಂದಿದೆ ಎನ್ನುವುದು ನೀರಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ. ಬಸವನಹುಳುವಿಗೆ ನೀರಿಗಿಂತಲೂ ಮೊದಲು.

ಇನ್ನೊಂದು ಮಾತು, ಬೇಸಿಗೆಯದು. ಏಪ್ರಿಲಿನ ಪುಣೆಯ ಒಣಗಾಳಿಗೆ ದೊಡ್ಡ ತೊಟ್ಟಿ ದಿನಕ್ಕೆ ಅರ್ಧ ಬಕೆಟ್ ನೀರು ಕುಡಿದುಬಿಡುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆರಿದ್ದು ಮೇಲೆ ಕಾಣುವುದಿಲ್ಲ. ಅಡ್ಡಗಾಜುಗಳಿಂದ ಖಾನೆಗಳಾಗಿ ಬೇರ್ಪಡಿಸಿದ ಸಂಪಿನಲ್ಲಿ, ಪಂಪು ಕೂತ ಕೊನೆಯ ಖಾನೆಯಲ್ಲಿ ಮಾತ್ರ ಮಟ್ಟ ಇಳಿಯುತ್ತದೆ. ಆ ಖಾನೆ ಚಿಕ್ಕದಿದ್ದರೆ ಎರಡೇ ದಿನಕ್ಕೆ ಪಂಪು ಗಾಳಿ ಎಳೆದು ಕಿರುಚುತ್ತದೆ. ಈಗ ತೇಲುವ ಸ್ವಿಚ್ಚು, ಫೋನಿಗೆ ಸುದ್ದಿ ಕಳಿಸುವ ಯಂತ್ರ ಎಲ್ಲ ಬಂದಿವೆ. ಒಳ್ಳೆಯದೇ. ಆದರೆ ಯಂತ್ರ ಕೆಟ್ಟ ದಿನವೂ ಎರಡು ದಿನ ತಾಳುವಷ್ಟು ನೀರು ಆ ಖಾನೆಯಲ್ಲಿ ಇರಲಿ.

ಇಷ್ಟೇ ಆಗಿದ್ದರೆ ಇದು ನಳ ಜೋಡಿಸುವ ಕೆಲಸ. ಇದಕ್ಕಾಗಿ ಬೆನ್ನು ಮುರಿದುಕೊಳ್ಳುವವನು ನಾನಲ್ಲ. ದಾದಾರ ಅಂಗಡಿಯ ಹಿಂಭಾಗದ ಹಳೆಯ ತೊಟ್ಟಿಯ ಸಂಪನ್ನು ಒಂದು ದಿನ ತೊಳೆಯಲೆಂದು ಕಪಾಟು ತೆರೆದಿದ್ದೆ. ದಾದಾ ಬಂದು ನನ್ನ ರಟ್ಟೆ ಹಿಡಿದರು. ಇಡೀ ಬೀದಿಗೆ ಕೇಳುವಂತೆ ಕೂಗಾಡುವ ಮನುಷ್ಯ, ಅಂದು ಪಿಸುಗುಟ್ಟಿದರು: "ಥಾಂಬ್, ನಿಲ್ಲು. ಬ್ಯಾಟರಿ ಹಾಕಿ ಮೊದಲು ನೋಡು." ಬ್ಯಾಟರಿ ಬೆಳಕು ಒಳಗೆ ಬಿತ್ತು. ಬೆಳಕೇ ಕಾಣದ ಆ ಗಾಜಿನ ಗೋಡೆಗಳ ತುಂಬ ಅಕ್ಕಿಕಾಳಿನಷ್ಟು ಬಿಳಿ ಸುರುಳಿ ಹುಳುಗಳು ಮನೆ ಕಟ್ಟಿಕೊಂಡಿದ್ದವು. ಅಡ್ಡಗಾಜಿನ ಕೆಳಗೆ ಹಳದಿ ಸ್ಪಂಜು ಬೆಳೆದಿತ್ತು. ಒಂದು ಕಲ್ಲಿನ ಸಂದಿಯಿಂದ ದಾರದಂಥ ಐದು ಕೈಗಳ ನಕ್ಷತ್ರಮೀನಿನ ಜಾತಿಯದೊಂದು ಒಂದು ಕೈ ಮಾತ್ರ ಹೊರಚಾಚಿ, ಗಾಳಿಯಲ್ಲಿ ಏನನ್ನೋ ಬರೆಯುವಂತೆ ನೀರಿನಲ್ಲಿ ಆಡಿಸುತ್ತಿತ್ತು. ಯಾವುದನ್ನೂ ಯಾರೂ ಕೊಂಡು ತಂದಿರಲಿಲ್ಲ. ಯಾವುದೋ ಕಲ್ಲಿಗೆ ಧೂಳಿನಂತೆ ಅಂಟಿಕೊಂಡು ಬಂದು, ಘಾಟಿನ ಈಚೆ, ಕಡಲಿಂದ ಇಷ್ಟು ದೂರದಲ್ಲಿ, ಒಂದು ಗಾಜಿನಂಗಡಿಯ ಕಪಾಟಿನ ಕತ್ತಲಲ್ಲಿ ತಮ್ಮ ಪಾಡಿಗೆ ಸಂಸಾರ ಹೂಡಿದ್ದವು. ದಾದಾ ಹೇಳಿದರು, "ಮೇಲಿನದು ಗಿರಾಕಿಗೆ. ಕೆಳಗಿನದು ಸಮುದ್ರದ್ದು. ಅದಕ್ಕೆ ಜಾಗ ಕೊಡುವಾಗ ಕಂಜೂಸಿ ಮಾಡಬೇಡ." ಅಂದಿನಿಂದ ನಾನು ಯಾವ ಸಂಪಿನ ನಡುವಿನ ಖಾನೆಯನ್ನೂ ಕಿರಿದು ಮಾಡಿಲ್ಲ. ಅಲ್ಲಿ ನೀರು ಅವಸರವಿಲ್ಲದೆ ಸಾಗಬೇಕು.

ಇನ್ನು ಆ ಪಟ್ಟಿ ಬರೆಸಿದ ಕೆಲಸಕ್ಕೆ ಬರುತ್ತೇನೆ. ಅದು ನನ್ನ ಕೊನೆಯ ಕೆಲಸವಾಗಿತ್ತು.

ಸುನಂದಕ್ಕ ಬೆಳಗಾವಿಯವರು, ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವರು. ಬಾಡಿಗೆ ಮನೆ ಬಿಟ್ಟು ಪುಣೆಯ ವಾಕಡದಲ್ಲಿ ಹತ್ತನೇ ಮಹಡಿಯ ಸ್ವಂತ ಫ್ಲ್ಯಾಟಿಗೆ ಬಂದಿದ್ದರು. ಅವರ ಜೊತೆ ಬಂದದ್ದು ಒಂದು ಜೋಡಿ ಕ್ಲೌನ್ ಮೀನು. ಕಿತ್ತಳೆ ಮೈ, ಬಿಳಿ ಪಟ್ಟೆ. ಮತ್ತು ಆ ಜೋಡಿ ವಾಸಿಸುವ ಒಂದು ಸಮುದ್ರಹೂವು. ಹೂವೆಂದರೆ ಹೆಸರಿಗೆ; ಅದೂ ಒಂದು ಪ್ರಾಣಿ, ನೂರಾರು ಬೆರಳುಗಳಿಂದ ಬೇರೆ ಮೀನುಗಳನ್ನು ಕುಟುಕಿ ತಿನ್ನುವಂಥದ್ದು. ಈ ಇಬ್ಬರನ್ನು ಮಾತ್ರ ಮಡಿಲಲ್ಲಿ ಮಲಗಿಸಿಕೊಳ್ಳುತ್ತದೆ. ಕ್ಲೌನ್ ಜೋಡಿಯಲ್ಲಿ ಹೆಣ್ಣು ದೊಡ್ಡದು, ಗಂಡು ಎರಡು ಬೆರಳಿನಷ್ಟು. ಸುನಂದಕ್ಕ ಹೆಣ್ಣನ್ನು ಬಾಯಿಯವರು, ಗಂಡನ್ನು ರಾಯರು ಎಂದು ಕರೆಯುತ್ತಿದ್ದರು. ಹದಿನಾಲ್ಕು ವರ್ಷಗಳ ಜೋಡಿ. ಇವರ ಹಳೆಯ ತೊಟ್ಟಿ ಕೂರಿಸಿದವನೂ ನಾನೇ.

ತೊಂದರೆ ಕೊಟ್ಟದ್ದು ಹೊಸ ಕಟ್ಟಡದ ಸೊಸೈಟಿ. ಕೆಳಗಿನ ಮನೆಯವರು ಆಗತಾನೇ ಹೊಸ ಫಾಲ್ಸ್ ಸೀಲಿಂಗ್ ಮಾಡಿಸಿದ್ದರು. ಇಷ್ಟು ನೀರು ತಮ್ಮ ತಲೆಯ ಮೇಲೆ ಎಂದು ಅರ್ಜಿ ಕೊಟ್ಟರು. ಕಮಿಟಿ ಠರಾವು ಮಾಡಿತು: ಕರೆಂಟ್ ತೆಗೆದು ಸೆಕ್ರೆಟರಿಯ ಎದುರಿಗೆ ಪರೀಕ್ಷೆ ಆಗಬೇಕು, ಒಂದು ಹನಿ ನೀರು ನೆಲಕ್ಕೆ ಬಿದ್ದರೂ ತೊಟ್ಟಿ ಮನೆ ಬಿಡಬೇಕು. ಸುನಂದಕ್ಕ ಫೋನಿನಲ್ಲಿ ಅಂದದ್ದು ಇಷ್ಟೇ: "ರಾಘಣ್ಣಾ, ಯಾರಿಗರೆ ಕೊಟ್ಟುಬಿಡ್ರಿ ಅಂತಾರ. ಹದಿನಾಕು ವರ್ಷ ಆತರಿ. ಯಾರಿಗೆ ಕೊಡ್ಲಿ? ಹೆಂಗ ಕೊಡ್ಲಿ?" ನಾನು ಬೆಲ್ಟು ಬಿಗಿದುಕೊಂಡು ಹೊರಟೆ. ಬೆನ್ನಿನ ಬೆಲ್ಟು.

ಐದಡಿ ಉದ್ದ, ಎರಡಡಿ ಅಗಲದ ತೊಟ್ಟಿ. ಒಂದಿಂಚಿಗೆ ಒಂದೂವರೆ ಬಕೆಟ್. ಅಂಚಿನ ಮೇಲಿನದು, ಪೈಪಿನದು ಎಲ್ಲ ಸೇರಿ ಮೂರು ಬಕೆಟ್ ಇಳಿಯುತ್ತದೆ ಎಂದು ಲೆಕ್ಕ. ಮೂರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಸಂಪು ಕಟ್ಟಿಸಿದೆ. ಹದಿನಾರು ಇಂಚು ಎತ್ತರ, ಒಂಬತ್ತಿಂಚಿಗೆ ಕೆಲಸದ ಮಟ್ಟ. ಬಾಗಿಲು ಎರಡು ಸಲ ಅಳೆದೆ. ಸುನಂದಕ್ಕ ನೋಡಿ, "ಅಯ್ಯ, ಇದರಾಗ ನಮ್ಮ ಕೂಸಿನ ತೊಟ್ಟಲಾ ಇಡಬೌದಲ್ರಿ" ಎಂದು ನಕ್ಕರು. ಬರಿಯ ನೀರಿನಲ್ಲಿ ಮೂರು ದಿನ, ದಿನಕ್ಕೆ ಐದು ಸಲ ಸ್ವಿಚ್ ಆರಿಸಿ ನೋಡಿದೆ. ಆಮೇಲೆ ಉಪ್ಪು ಕಲಸಿ, ಹಳೆಯ ಕಲ್ಲುಗಳನ್ನೂ ಹೂವನ್ನೂ ಜೋಡಿಯನ್ನೂ ಬಿಟ್ಟೆವು. ಹೂವು ಎರಡು ದಿನ ಮುದುಡಿಕೊಂಡಿತ್ತು, ಮೂರನೆಯ ದಿನ ಅರಳಿತು. ಆ ವಾರದ ಕೊನೆಗೆ ಪರೀಕ್ಷೆ.

ಅಂದು ನಾನು ಒಂದು ಗಂಟೆ ಮುಂಚೆಯೇ ಹೋಗಿ ಎಲ್ಲವನ್ನೂ ಮತ್ತೆ ಅಳೆದೆ. ಅಂಚಿನ ಮೇಲೆ ನೀರು ಎಷ್ಟು ದಪ್ಪ ಹರಿಯುತ್ತಿದೆ ಎಂದು ಅಡಿಪಟ್ಟಿ ಇಟ್ಟು ನೋಡಿದೆ, ಸಮಾಧಾನವಾಗದೆ ಇನ್ನೊಮ್ಮೆ ನೋಡಿದೆ. ಹನ್ನೊಂದಕ್ಕೆ ಸೆಕ್ರೆಟರಿ ಕಾಳೆಯವರು ಬಂದರು. ಕೈಯಲ್ಲಿ ಠರಾವಿನ ಕಾಗದ, ಬ್ಯಾಟರಿ, ಮತ್ತು ಒಂದು ಕಟ್ಟು ಟಿಶ್ಯೂ ಕಾಗದ. ಕಪಾಟಿನ ಸುತ್ತ ನೆಲದ ಮೇಲೆ ಟಿಶ್ಯೂ ಹಾಸಿದರು; ಹನಿ ಬಿದ್ದರೆ ಸುಳ್ಳು ಹೇಳುವ ಹಾಗಿಲ್ಲ ಎಂದು. ನನಗೆ ಅವರ ಮೇಲೆ ತಟ್ಟನೆ ಗೌರವ ಹುಟ್ಟಿತು. ನನ್ನಂತೆಯೇ ಒಬ್ಬರು!

"ಸ್ವಿಚ್ ಮೀಚ್ ಬಂದ್ ಕರಣಾರ," ಅಂದರು. ತಾವೇ ಆರಿಸುವರಂತೆ. ಆರಿಸಿದರು.

ಪಂಪಿನ ಗುಂಯ್ ಶಬ್ದ ನಿಂತಿತು. ಮನೆಯಲ್ಲಿ ನೀರಿಳಿಯುವ ಸದ್ದು ಮಾತ್ರ. ಸಂಪಿನಲ್ಲಿ ನೀರು ಏರತೊಡಗಿತು. ಒಂದು ಬಕೆಟ್. ಸುನಂದಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಎರಡು ಬಕೆಟ್. ಕಾಳೆಯವರು ಮಂಡಿಯೂರಿ ಬ್ಯಾಟರಿ ಬಿಟ್ಟರು. ಏರುವ ನೀರು ಗಾಜಿನ ಒಳಮೈಯನ್ನು ಒಂದೇ ಸಮ ಒದ್ದೆ ಮಾಡುತ್ತ ಬರುವುದನ್ನು ಸಾವಿರ ಸಲ ನೋಡಿದ್ದೇನೆ. ಆದರೂ ಪ್ರತಿ ಸಲ ಇದು ನಿಲ್ಲುವುದಿಲ್ಲ ಎಂದೇ ಅನಿಸುತ್ತದೆ. ಆಮೇಲೆ ಮೇಲೆ ನಳಿಕೆಯ ತೂತುಗಳು ಗುಟುಕ್ ಎಂದು ಗಾಳಿ ಕುಡಿದ ಶಬ್ದ ಬಂತು. ನೀರು ನಿಂತಿತು. ಸ್ಕೆಚ್ ಪೆನ್ನಿನ ಎರಡನೇ ಗೆರೆಗೆ ಬಂದು, ಬುದ್ಧಿ ಹೇಳಿಸಿಕೊಂಡ ಮಗುವಿನಂತೆ ನಿಂತಿತು. ಮೇಲೆ ನಾಲ್ಕು ಬೆರಳು ಖಾಲಿ.

ಎಷ್ಟು ವರ್ಷವಾದರೂ ನನಗೆ ಇದು ಅಭ್ಯಾಸವಾಗಿಲ್ಲ. ಕಾಗದದ ಮೇಲೆ ಮಾಡಿದ ಗುಣಾಕಾರಕ್ಕೆ ಸಮುದ್ರದ ಒಂದು ತುಂಡು ತಲೆಬಾಗುತ್ತದೆ. ಟಿಶ್ಯೂ ಎಲ್ಲ ಒಣಗಿಯೇ ಇತ್ತು. ಕಾಳೆಯವರು ಒಂದೊಂದನ್ನೂ ಎತ್ತಿ ಕೆನ್ನೆಗೆ ಒತ್ತಿ ನೋಡಿ, ಸ್ವಿಚ್ ಹಾಕಿದರು. ಪಂಪು ಶುರುವಾಯಿತು.

ಆಗ ಸುನಂದಕ್ಕ ಮೇಲಿನ ತೊಟ್ಟಿಯ ಗಾಜಿಗೆ ಹಣೆ ಒತ್ತಿ, "ರಾಘಣ್ಣಾ, ರಾಯರು ಎಲ್ಲಿ?" ಅಂದರು.

ಬಾಯಿಯವರು ಹೂವಿನ ಸುತ್ತ ಒಬ್ಬರೇ ತಿರುಗುತ್ತಿದ್ದರು. ಕಲ್ಲಿನ ಹಿಂದೆ ಇಲ್ಲ, ಮೂಲೆಯಲ್ಲಿ ಇಲ್ಲ. ನೆಲದ ಮೇಲೆ ನೋಡಿದೆವು, ಸೋಫಾದ ಕೆಳಗೆ ನೋಡಿದೆವು. "ಬೆಳಿಗ್ಗೆ ನಾನಽ ಊಟಾ ಹಾಕೇನ್ರಿ. ಇಬ್ರೂ ಇದ್ರು," ಎನ್ನುವಾಗ ಅವರ ದನಿ ಒಡೆಯಿತು. ಕೆಳಗೆ ಪಂಪು ಓಡುತ್ತಿತ್ತು. ಪಂಪಿನ ಬಾಯಿಗೆ ಸಿಕ್ಕ ಮೀನು ಏನಾಗುತ್ತದೆ ಎಂದು ನನಗೆ ಗೊತ್ತಿದೆ.

"ಹೇ ಬಘಾ, ಇದನ್ನು ನೋಡಿ," ಎಂದರು ಕಾಳೆಯವರು ನೆಲದಿಂದ. ಅವರು ಇನ್ನೂ ಸಂಪಿನ ಮುಂದೆಯೇ ಕೂತು, ನೀರು ಇಳಿಯುವುದನ್ನು ಬ್ಯಾಟರಿಯಲ್ಲಿ ನೋಡುತ್ತಿದ್ದರು. "ಇಲ್ಲೊಂದು ಇದೆಯಲ್ಲ, ಕೇಸರಿ ಬಣ್ಣದ್ದು. ಇದು ಇಲ್ಲೇ ಇರುವುದಾ?"

ಸಂಪಿನ ನಡುವಿನ ಅಗಲ ಖಾನೆಯಲ್ಲಿ, ನಿಧಾನ ನೀರಿನಲ್ಲಿ, ರಾಯರು ಗೋಡೆಯ ಉದ್ದಕ್ಕೂ ವಾಕಿಂಗ್ ಹೊರಟವರಂತೆ ಸಾಗುತ್ತಿದ್ದರು. ಅಲ್ಲಿಂದ ಒಂದು ಅಡ್ಡಗಾಜು ದಾಟಿದರೆ ಪಂಪು. ನಾನು ಸ್ವಿಚ್ ಆರಿಸಿ, ಕೈಗೆ ಸಿಕ್ಕ ಉಕ್ಕಿನ ಬಟ್ಟಲು ಇಳಿಸಿ, ಅವರನ್ನು ನೀರಿನ ಸಮೇತ ಎತ್ತಿದೆ. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಸುನಂದಕ್ಕ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿನ ತೊಟ್ಟಿಗೆ ಬಾಗಿಸಿದರು.

ಬಾಯಿಯವರು ಬಾಣದಂತೆ ಬಂದು ರಾಯರ ಪಕ್ಕೆಗೆ ಒಮ್ಮೆ ಕಚ್ಚಿದರು. ಮತ್ತೊಮ್ಮೆ ಕಚ್ಚಿದರು. ರಾಯರು ಓಡಲಿಲ್ಲ. ಇದ್ದಲ್ಲೇ ಮೈಯೊಡ್ಡಿ, ತಲೆಯಿಂದ ಬಾಲದವರೆಗೆ ನಡುಗಿದರು. ಈ ಜಾತಿಯ ಗಂಡು ಶರಣು ಹೇಳುವುದು ಹಾಗೆ. ಬಾಯಿಯವರು ತಿರುಗಿ ಹೂವಿನ ಕಡೆ ಹೊರಟರು, ರಾಯರು ಹಿಂದೆ. ನೂರು ಬೆರಳುಗಳು ಬಾಗಿ ಇಬ್ಬರನ್ನೂ ಮುಚ್ಚಿಕೊಂಡವು. ಒಂದು ಕಿತ್ತಳೆ ಬಾಲದ ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

"ಅರೇ ಬಾಪರೇ," ಅಂದರು ಕಾಳೆಯವರು. ಸುನಂದಕ್ಕ ಹೆದರಿ ಅವರ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು. ಕಾಳೆಯವರು ಕನ್ನಡಕ ಏರಿಸಿ ಠರಾವನ್ನು ಮೇಲಿಂದ ಕೆಳಗೆ ಓದಿದರು. "ನೀರು ಬೀಳಬಾರದು ಅಂತಿದೆ. ಮೀನು ಬೀಳಬಾರದು ಅಂತ ಎಲ್ಲೂ ಇಲ್ಲ." ಸಹಿ ಹಾಕಿದರು. ಆದರೆ ಹೋಗಲಿಲ್ಲ. ಟಿಶ್ಯೂಗಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆ ಬಾಲದ ತುದಿಯನ್ನೇ ನೋಡುತ್ತ, ಸುನಂದಕ್ಕ ತಂದಿಟ್ಟ ಚಹಾ ತಣ್ಣಗಾದರೂ ಕುಡಿಯಲಿಲ್ಲ.

ಸುನಂದಕ್ಕ ಅಡುಗೆಮನೆಯಿಂದ ನನಗೆಂದು ಇನ್ನೊಂದು ಕಪ್ ಚಹಾ ತಂದಾಗ ಇನ್ನೊಂದು ಕೈಯಲ್ಲಿ ಏನನ್ನೋ ಹಿಡಿದಿದ್ದರು.

"ರಾಘಣ್ಣಾ, ಇದು ನಿಮ್ದೇನ್ರಿ? ಕಿಟಕ್ಯಾಗ ಇತ್ತು."

ಗೇಣುದ್ದದ ಕರಿ ಪ್ಲಾಸ್ಟಿಕ್ ಪಟ್ಟಿ, ಬಾಚಣಿಗೆಯಂತೆ ಹಲ್ಲುಗಳು. ಮೇಲಿನ ತೊಟ್ಟಿಯಲ್ಲಿ ನೀರಿಳಿಯುವ ಅಂಚಿಗೆ ಸಿಕ್ಕಿಸುವಂಥದ್ದು. ಹಲ್ಲುಗಳ ಸಂದಿಯಿಂದ ನೀರು ಇಳಿಯುತ್ತದೆ, ಮೀನು ಇಳಿಯುವುದಿಲ್ಲ. ಬೆಳಿಗ್ಗೆ ಅಡಿಪಟ್ಟಿಗೆ ಅಡ್ಡ ಬರುತ್ತದೆಂದು ಕಿತ್ತು ಕಿಟಕಿಯಲ್ಲಿಟ್ಟು, ಅರ್ಧ ಇಂಚು ನೀರನ್ನು ಎರಡು ಸಲ ಅಳೆದು, ಅದನ್ನು ಅಲ್ಲೇ ಮರೆತವನು ನಾನು.

"ಹೌದ್ರಿ, ನಂದಽ," ಅಂದೆ. ಚಹಾ ಕೆಳಗಿಟ್ಟು, ಎದ್ದು ಹೋಗಿ, ಅಂಚಿನಲ್ಲಿ ಇಟ್ಟು ಒತ್ತಿದೆ. ಟಕ್ ಎಂದು ಕೂತಿತು.